ಮೇಷ್ಟ್ರ ಚಿತ್ರವನ್ನು ಸಂಕೋಚವಿಲ್ಲದೆ ನಕಲು ಮಾಡು
ಮಗೂ,

ಮೇಷ್ಟ್ರು ಬರೆದದ್ದನ್ನೇ ನೋಡಿಕೊಂಡು ಬರೆಯುತ್ತ ಹೋದರೆ ನನ್ನದು ಅಂತ ಏನು ಉಳಿಯುತ್ತದೆ ಎಂದು ನೀನು ಕೇಳಿದ್ದೆ. ಕೇಳಿದ್ದು ಒಳ್ಳೆಯದಾಯಿತು. ಆದರೆ ಆ ಚಿಂತೆಯಲ್ಲಿ ನಕಲನ್ನು ಅರ್ಧಕ್ಕೆ ಬಿಡಬೇಡ.

ನೀನು ಕಲಿಯುತ್ತಿರುವುದು ಮೈಸೂರು ಶೈಲಿ. ಅದರ ಗೆಸ್ಸೊ ಕೆಲಸವನ್ನೇ, ಅಂದರೆ ಒಡವೆಗಳನ್ನು ಉಬ್ಬಿಸಿ ಬಿಡಿಸುವುದನ್ನೇ ತಗೋ. ಸಫೇದದ ಬಿಳಿ ಪುಡಿಯನ್ನು ಅಂಟಿನ ಜೊತೆ ಅರೆದು, ಕುಂಚದ ತುದಿಯಿಂದ ಲಕ್ಷ್ಮಿಯ ಕೊರಳ ಸರ ಬಿಡಿಸುವಾಗ ಹದ ತೆಳುವಾದರೆ ಗೆರೆ ಹರಡುತ್ತದೆ. ಗಟ್ಟಿಯಾದರೆ ಕುಂಚದಿಂದ ಇಳಿಯುವುದೇ ಇಲ್ಲ. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ಎದ್ದು ಕಾಣುತ್ತದೆ. ನಮ್ಮದರಲ್ಲಿ ಅದು ತೀರ ನವಿರು, ಚಿನ್ನದ ರೇಕು ಕೂರುವಷ್ಟೇ. ಎಷ್ಟು ಉಬ್ಬಿದರೆ ಸಾಕು ಎಂಬುದು ಪಕ್ಕದಲ್ಲಿ ಕೂತು, ಮೇಷ್ಟ್ರ ಸರದ ಹಾಗೇ ನಿನ್ನ ಸರವೂ ಬರುವವರೆಗೆ ಬರೆದಾಗಲೇ ಕೈಗೆ ಹತ್ತುವುದು.

ಆದರೆ ಟ್ರೇಸ್ ಮಾಡಬೇಡ. ಅದರಲ್ಲಿ ಸಿಗುವುದು ಹೊರಗೆರೆ ಮಾತ್ರ. ಆ ಗೆರೆ ಎಲ್ಲಿ ಶುರುವಾಯಿತು, ಯಾಕೆ ಅಲ್ಲಿ ಸಪೂರವಾಯಿತು ಎಂಬುದು ಸಿಗುವುದಿಲ್ಲ. ಮೇಷ್ಟ್ರು ಕೆಲಸ ಮಾಡಿದ ಕ್ರಮವನ್ನು ನಕಲು ಮಾಡು: ಮೊದಲು ಆಕಾಶ, ಬೆಟ್ಟ, ನೀರು, ಆಮೇಲೆ ಆಕೃತಿಗಳು, ಮುಖ, ಉಡುಗೆ, ಒಡವೆಗಳ ಕುಸುರಿ ಕೊನೆಗೆ. ಒಮ್ಮೆ ಬರೆದಾದ ಮೇಲೆ ಮೂಲವನ್ನು ಗೋಡೆಗೆ ತಿರುಗಿಸಿಟ್ಟು ನೆನಪಿನಿಂದ ಬರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡು. ಎಲ್ಲೆಲ್ಲಿ ತಪ್ಪಿದೆಯೋ ಅದು ನಿನಗೇ ಕಾಣುತ್ತದೆ. ಒಂದೇ ಕಡೆ ಮತ್ತೆ ಮತ್ತೆ ತಪ್ಪುತ್ತಿದ್ದರೆ ಆ ಜಾಗವನ್ನು ಮೇಷ್ಟ್ರಿಗೆ ತೋರಿಸು. ಅದು ಕೈಯ ಬಲಹೀನತೆಯೋ ಮನಸ್ಸಿನ ಒಲವೋ ಎಂದು ಅವರು ಹೇಳಬಲ್ಲರು. ಬಲಹೀನತೆಯಾದರೆ ತಿದ್ದಿಕೋ. ಒಲವಾದರೆ ಜೋಪಾನ ಮಾಡು. ನೀನು ಹುಡುಕುತ್ತಿರುವುದು ಅದನ್ನೇ.

ಕೆ. ವೆಂಕಟಪ್ಪನವರನ್ನು ನೆನೆದುಕೋ. ಅವರು ಮೈಸೂರಿನ ಚಿತ್ರಗಾರ ಮನೆತನದಲ್ಲಿ 1886ರಲ್ಲಿ ಹುಟ್ಟಿದವರು. ತಂದೆ ಅರಮನೆಯ ಕಲಾವಿದರು. ಮನೆಯ ಕೈಕಸುಬು ಕಲಿತ ಮೇಲೆ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು, ಗುರುವಿನ ರೀತಿಯಲ್ಲೇ ಪುರಾಣದ ಚಿತ್ರಗಳನ್ನು ಬರೆದರು. ಎರಡು ಕಡೆ ಎರಡು ರೀತಿಯ ಶಿಷ್ಯವೃತ್ತಿ! ಆಮೇಲೆ ಊಟಿ, ಕೊಡೈಕೆನಾಲ್‌ಗಳಲ್ಲಿ ಜಲವರ್ಣ ಹಿಡಿದು ಕೂತಾಗ ಅವರ ಮುಂದಿದ್ದದ್ದು ಬೆಟ್ಟ, ಮಂಜು, ಬೆಳಕು. ಚಿನ್ನದ ರೇಕಿಲ್ಲ, ದೇವರಿಲ್ಲ. ಅಲ್ಲಿನ ಸೂಕ್ಷ್ಮ ಕುಂಚದಲ್ಲಿ ಮನೆತನದ ಕುಸುರಿ ಹಾಗೇ ಇದೆ. ನೋಟ ಮಾತ್ರ ಯಾರಿಂದಲೂ ಪಡೆದದ್ದಲ್ಲ. ಗುರುವಿನ ಚಿತ್ರದಿಂದ ಕಣ್ಣೆತ್ತಿ ಎದುರಿಗಿದ್ದ ಬೆಟ್ಟವನ್ನು ನೋಡಿದ್ದರಿಂದ ಅದು ಬಂತು ಎಂದು ನನ್ನ ನಂಬಿಕೆ. ನೀನೂ ನಕಲಿನ ಜೊತೆಜೊತೆಗೆ ದಿನಾ ಒಂದು ಗಳಿಗೆ ಬಾಗಿಲ ಹೊರಗಿನ ಗಿಡವನ್ನೋ ಅಜ್ಜಿಯ ಕೈಯನ್ನೋ ನೋಡಿ ಬರೆ. ಅದಕ್ಕೆ ಮೇಷ್ಟ್ರ ಚಿತ್ರ ಎದುರಿಗಿರಬಾರದು.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ. ನಕಲಿನ ಹಿಂಬದಿಯಲ್ಲಿ ಮೂಲ ಯಾರದೆಂದು ಬರೆದಿಡು. ಅದನ್ನು ಸ್ವಂತದ್ದೆಂದು ಪ್ರದರ್ಶನಕ್ಕೆ ಕಳಿಸಬೇಡ, ಯಾರು ಹೊಗಳಿದರೂ ಮಾರಬೇಡ.

ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋಗು. ಆ ಜಲವರ್ಣಗಳ ಮುಂದೆ ನಿಧಾನವಾಗಿ ನಿಂತು ನೋಡು. ಪೆನ್ಸಿಲು, ಪುಸ್ತಕ ಒಯ್ಯುವುದನ್ನು ಮರೆಯಬೇಡ.