ಹದಿನಾಲ್ಕು ಊರು, ನಾಲ್ಕು ದಿನ

ಪ್ರಶ್ನೆ: ನನ್ನ ತವರು ಸೊರಬ ತಾಲ್ಲೂಕಿನ ಆನವಟ್ಟಿ ಕಡೆಯ ಒಂದು ಹಳ್ಳಿ. ಈಗ ನಾವಿರುವುದು ಶಾಂಘೈನಲ್ಲಿ. ಈ ಸಲ ದಸರೆಗೆ ಊರಿಗೆ ಬರುತ್ತಿದ್ದೇವೆ. ಬೆಂಗಳೂರು, ಅತ್ತೆಮನೆ ಎಲ್ಲ ಮುಗಿಸಿ ತವರಿಗೆ ಉಳಿಯುವುದು ನಾಲ್ಕೇ ದಿನ. ವಿಜಯದಶಮಿಯ ಮಾರನೇ ದಿನ ಬಂದು, ಹುಣ್ಣಿಮೆಯ ದಿನ ಬೆಳಿಗ್ಗೆ ಹೊರಡಬೇಕು. ನನ್ನ ಯಜಮಾನರಿಗೆ ಶಾಸನಗಳ ಹುಚ್ಚು. ಬಳ್ಳಿಗಾವಿ, ತಾಳಗುಂದ, ಬಂದಳಿಕೆ, ಉಡುತಡಿ, ಈಸೂರು, ಶಿಕಾರಿಪುರದ ಹುಚ್ಚರಾಯಸ್ವಾಮಿ ಗುಡಿ, ಅಂಜನಾಪುರ ಜಲಾಶಯ, ಕುಬಟೂರು, ಉದ್ರಿ, ಚಂದ್ರಗುತ್ತಿ, ಗುಡವಿ, ಬನವಾಸಿ, ಕೆಳದಿ, ಇಕ್ಕೇರಿ ಎಂದು ಹದಿನಾಲ್ಕು ಜಾಗ ಬರೆದು ಗಂಟೆಗಂಟೆಯ ವೇಳಾಪಟ್ಟಿ ಮಾಡಿದ್ದಾರೆ. ಹನ್ನೊಂದು ವರ್ಷದ ಮಗಳಿಗೆ ಜೋಗ ಬೇಕಂತೆ. ಮಗ ಆರು ವರ್ಷದವನು. ಅಮ್ಮನಿಗೆ ಅರವತ್ತೆಂಟು, ಮಂಡಿನೋವು. ಪಟ್ಟಿಯನ್ನು ಫೋನಿನಲ್ಲಿ ಓದಿ ಹೇಳಿದರೆ, "ನೀವ್ ಹೋಗ್ಬನ್ನಿ, ನಾನ್ ಮನೇಲೇ ಇರ್ತೀನಿ" ಅಂದರು. ಕಳೆದ ವರ್ಷ ಏಳು ದಿನದ ರಜೆಯಲ್ಲಿ ಬೀಜಿಂಗ್, ಷಿಯಾನ್, ಚೆಂಗ್ಡು, ಗುಯಿಲಿನ್ ಸುತ್ತಿದೆವು. ಏನು ನೋಡಿದೆಯೋ ಎಂದು ಕೇಳಿದರೆ ಮಗ ಈಗಲೂ "ರೈಲು" ಅನ್ನುತ್ತಾನೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಮುಂದಿನ ವರ್ಷ ಅಮ್ಮನನ್ನು ಚೀನಾಕ್ಕೆ ಕರೆಸಿಕೊಳ್ಳುವ ಆಸೆಯಿದೆ. ಅಲ್ಲಿ ಯಾವ ಊರು ತೋರಿಸಿದರೆ ಚೆನ್ನ?

ಉತ್ತರ: ತಂಗೀ, ಪಟ್ಟಿಯನ್ನು ಒಂದು ಸಲ ಓದಿದೆ, ನಿಮ್ಮ ತಾಯಿಯ ಮಾತನ್ನು ನಾಲ್ಕು ಸಲ. ಆ ಮಾತಿಗೆ ಮಂಡಿನೋವು ಅರ್ಧ ಕಾರಣವಿರಬಹುದು. ಉಳಿದರ್ಧ ನಿಮ್ಮ ಟಿಕೆಟ್ಟಿನಲ್ಲಿದೆ. ಹುಣ್ಣಿಮೆಯ ದಿನ ಬೆಳಿಗ್ಗೆ ಹೊರಡುತ್ತೇವೆ ಎಂದು ಬರೆದಿದ್ದೀರಿ. ವಿಜಯದಶಮಿ ಕಳೆದು ಐದನೇ ದಿನ ಬರುವುದು ಯಾವ ಹುಣ್ಣಿಮೆ ಎಂದು ಸೊರಬದ ಮಗಳಿಗೆ ನಾನು ಹೇಳಬೇಕೇ? ಭೂಮಿ ಹುಣ್ಣಿಮೆ. ಮಗಳು ಮೊಮ್ಮಕ್ಕಳೊಡನೆ ಬರುತ್ತಾಳೆ, ಆದರೆ ಮನೆಯವರೆಲ್ಲ ಗದ್ದೆಯಲ್ಲಿರಬೇಕಾದ ಹೊತ್ತಿಗೆ ಕಾರಿಗೆ ಸೂಟ್‌ಕೇಸ್ ತುಂಬುತ್ತಾಳೆ ಎಂದರೆ ಯಾವ ತಾಯಿ ಉತ್ಸಾಹದಿಂದ ಬುತ್ತಿ ಕಟ್ಟಿಯಾಳು? ಮೊದಲು ಆ ಪ್ರಯಾಣವನ್ನು ಸಂಜೆಗೆ ಹಾಕಿಕೊಳ್ಳಿ. ತಾಳಗುಪ್ಪದಿಂದ ಬೆಂಗಳೂರಿಗೆ ರಾತ್ರಿ ರೈಲಿದೆ, ಸಾಗರದಲ್ಲಿ ಹತ್ತಬಹುದು. ಟಿಕೆಟ್ ಬದಲಾದ ಮೇಲೆ ಊರುಗಳ ಮಾತು.

ಯಜಮಾನರ ಪಟ್ಟಿಯಲ್ಲಿ ತಪ್ಪು ಜಾಗ ಒಂದೂ ಇಲ್ಲ, ಅದೇ ತೊಂದರೆ. ಮೂರು ತಾಲ್ಲೂಕು ದಾಟಿ ಪಕ್ಕದ ಜಿಲ್ಲೆಗೂ ಕಾಲಿಟ್ಟಿದ್ದಾರೆ. ನಾನಾದರೆ ಕೆಳದಿ, ಇಕ್ಕೇರಿ, ಬನವಾಸಿ, ಜೋಗ ನಾಲ್ಕನ್ನೂ ಒಂದೇ ಏಟಿಗೆ ಹೊಡೆದುಹಾಕುತ್ತೇನೆ. ಬನವಾಸಿಯನ್ನು ಬಿಡುವಾಗ ಕೈ ನಡುಗುತ್ತದೆ, ನಿಜ. ಆದರೆ ವರದಾ ನದಿಯ ದಂಡೆಯಲ್ಲಿ ಒಂದು ಸಂಜೆ ಕೂರದೆ ಬನವಾಸಿ ನೋಡಿದೆ ಎನ್ನುವುದು ಸುಳ್ಳು, ನಿಮ್ಮ ಪಟ್ಟಿಯಲ್ಲಿ ಅದಕ್ಕೆ ನಲವತ್ತು ನಿಮಿಷ ಇಟ್ಟಿದ್ದೀರಿ. ಮಗಳಿಗೆ ಜೋಗದ ಮಾತು ಕೊಡಿ, ಇನ್ನೊಂದು ಮಳೆಗಾಲದ ರಜೆಗೆ.

ಇನ್ನೊಂದು ವಿಷಯ ನಿಮಗೆ ಹೊಳೆದಂತಿಲ್ಲ. ಎಲ್ಲರೂ ಎಲ್ಲ ಕಡೆಗೂ ಹೋಗಬೇಕೆಂದು ಯಾವ ಶಾಸನದಲ್ಲೂ ಬರೆದಿಲ್ಲ. ನಾಲ್ಕರಲ್ಲಿ ಒಂದು ಪೂರ್ತಿ ದಿನವನ್ನು ಯಜಮಾನರಿಗೂ ಮಗಳಿಗೂ ಬಿಟ್ಟುಕೊಡಿ. ಅಪ್ಪ ಮಗಳು ಬೆಳಿಗ್ಗೆ ಬೇಗ ಹೊರಟು ಶಿರಾಳಕೊಪ್ಪ ಸೇರಲಿ. ಬಳ್ಳಿಗಾವಿ, ತಾಳಗುಂದ, ಉಡುತಡಿ ಎಲ್ಲವೂ ಅದರ ಆಸುಪಾಸಿನಲ್ಲೇ ಇವೆ. ಅಲ್ಲಮಪ್ರಭುವಿನ ಊರೆಂದು ಹೆಸರಾದ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಇಷ್ಟು ಹತ್ತಿರ ಎಂಬುದು ನಕ್ಷೆಯಲ್ಲಿ ನೋಡಿದಾಗಲೆಲ್ಲ ನನಗೆ ಹೊಸದಾಗಿಯೇ ಕಾಣುತ್ತದೆ.

ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳಿಗೆ ಅಪ್ಪ ತಾವಾಗಿಯೇ ಕರೆದೊಯ್ಯುತ್ತಾರೆ. ಮಗಳನ್ನು ಮಾತ್ರ ಮೊದಲು ಭೇರುಂಡೇಶ್ವರ ಕಂಬದ ಎದುರು ನಿಲ್ಲಿಸಲು ಹೇಳಿ. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಂಬ ಅದು. ಅದೇ ಎರಡು ತಲೆಯ ಹಕ್ಕಿ ಅಜ್ಜಿಯ ಪಹಣಿಯ ಮೇಲಿನ ಸರ್ಕಾರಿ ಮುದ್ರೆಯಲ್ಲೂ ಇದೆ. ಹಿಂದಿನ ರಾತ್ರಿ ಆ ಕಾಗದವನ್ನು ತೋರಿಸಿ ಕಳಿಸಿದರೆ ಕಂಬ ಅವಳ ಕಣ್ಣಿಗೆ ಗುರುತಿನ ವಸ್ತುವಾಗುತ್ತದೆ. ಷಿಯಾನಿನಲ್ಲಿ ಬೌದ್ಧ ಗೋಪುರ ನೋಡಿದವಳಲ್ಲವೇ? ಬಳ್ಳಿಗಾವಿಯಲ್ಲೂ ಬೌದ್ಧ ವಿಹಾರವೊಂದು ಎದ್ದಿತ್ತು, 1065ರ ಶಾಸನವೇ ಅದನ್ನು ಹೇಳುತ್ತದೆ ಎಂದರೆ ಹುಬ್ಬೇರಿಸುತ್ತಾಳೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಲ್ಲರ ಮಠಗಳೂ ಈ ಒಂದು ಊರಿನಲ್ಲಿದ್ದವು.

ತಾಳಗುಂದ ಯಜಮಾನರ ಪಾಲಿಗೆ ಕಾಶಿ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕವಿ ಕುಬ್ಜನ ಸಂಸ್ಕೃತ ಪದ್ಯಗಳಿವೆ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ, ಪುಸ್ತಕ ಬಿಟ್ಟು ಕತ್ತಿ ಹಿಡಿದ ಕತೆ ಅಲ್ಲಿದೆ. ಈಚೆಗೆ, ಕೇಂದ್ರ ಪುರಾತತ್ವ ಇಲಾಖೆಯ ಉತ್ಖನನದಲ್ಲಿ, ಅದೇ ಆವರಣದಲ್ಲಿ ಸಿಂಹಕಟಾಂಜನದ ಮೇಲೆ ಕನ್ನಡ ಬರಹ ಸಿಕ್ಕಿತು. ಅದು ಕ್ರಿ.ಶ. 370ರದೆಂದು, ಹಲ್ಮಿಡಿ ಶಾಸನಕ್ಕಿಂತ ಹಳೆಯದೆಂದು ತಜ್ಞರು ಹೇಳಿದರು. ಷಿಯಾನಿನ ಮಣ್ಣಿನ ಸೈನಿಕರೂ 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ತಾಗಿದವರೇ ತಾನೆ. ಅಪ್ಪ ಮಗಳಿಗೆ ದಾರಿಯಲ್ಲಿ ಮಾತಾಡಲು ಇಷ್ಟು ಸಾಕು. ಬಂದಳಿಕೆ ಸೇರಿಸುತ್ತೇನೆ ಎಂದು ಅವರು ಹಠ ಹಿಡಿದರೆ ಹಿಡಿಯಲಿ, ಊಟದ ಹೊತ್ತು ಮೀರಿದ ಮೇಲೆ ಮಗಳೇ ಬುದ್ಧಿ ಹೇಳುತ್ತಾಳೆ.

ಆ ದಿನ ನೀವು ಮನೆಯಲ್ಲಿ, ಅಮ್ಮನ ಹತ್ತಿರ. ಪ್ರವಾಸದ ಪಟ್ಟಿಯಲ್ಲಿ ಅದನ್ನೂ ಒಂದು ಜಾಗ ಎಂದೇ ಬರೆದುಕೊಳ್ಳಿ.

ಅಮ್ಮ ಜೊತೆಯಲ್ಲಿ ಬರುವ ದಿನಗಳಿಗೆ ಅಮ್ಮನೇ ಯಜಮಾನಿ. ಚಂದ್ರಗುತ್ತಿಯ ರೇಣುಕಾಂಬೆಗೆ ಅವರ ಹರಕೆ ಏನಾದರೂ ಉಳಿದಿದೆಯೇ, ಕೇಳಿದ್ದೀರಾ? ಈ ಸೀಮೆಯ ಎಷ್ಟೋ ಮನೆಗಳಿಗೆ ಅದು ನೋಡುವ ಸ್ಥಳವಲ್ಲ, ಮನೆದೇವರು. ಹೋಗುವುದಾದರೆ ಬಿಸಿಲೇರುವ ಮುಂಚೆ, ಅವರ ಕಾಲಿನ ವೇಗಕ್ಕೆ ಹೋಗಿ. ಬೆಟ್ಟದ ಮೇಲಿನ ಕೋಟೆಯ ಹೆಸರೆತ್ತಬೇಡಿ. ಮಂಗಳವಾರ, ಶುಕ್ರವಾರ ಜನ ಜಾಸ್ತಿ, ತಪ್ಪಿಸೋಣ ಎಂದು ನೀವು ಲೆಕ್ಕ ಹಾಕುತ್ತೀರಿ, ಅವರಿಗೆ ಬೇಕಾದದ್ದು ಬಹುಶಃ ಅದೇ ವಾರ. ಅವರು ಹೇಳಿದ ವಾರವೇ ಇರಲಿ.

ಕುಬಟೂರು ನಿಮ್ಮ ಮಗ್ಗುಲಲ್ಲೇ ಇದೆ. ಒಂದು ಸಂಜೆ ಚಹಾ ಕುಡಿದು ಹೊರಟರಾಯಿತು. ಕೈಟಭೇಶ್ವರ ದೇವಸ್ಥಾನದ ಕಂಬಗಳ ಕಡೆತವನ್ನು ಯಜಮಾನರು ವಿವರಿಸಲು ಬಾಯಿ ತೆರೆಯುವ ಮೊದಲೇ, "ಅಜ್ಜೀ, ಚಂದ್ರಹಾಸನ ಕತೆ ಹೇಳು" ಎನ್ನಲು ಮಕ್ಕಳಿಗೆ ಕಲಿಸಿಡಿ. ಚಂದ್ರಹಾಸನ ಕುಂತಳನಗರ ಇದೇ ಎಂದು ಊರವರ ನಂಬಿಕೆ. ವಿಷ ಕೊಡು ಎಂದು ಬರೆದ ಓಲೆಯನ್ನು ಹುಡುಗಿಯೊಬ್ಬಳು ತಿದ್ದಿ ವಿಷಯೆಯನ್ನೇ ಕೊಡುವಂತೆ ಮಾಡಿದ್ದನ್ನು ಅರವತ್ತೆಂಟರ ಅಜ್ಜಿ ಗುಡಿಯ ಜಗಲಿಯ ಮೇಲೆ ಕೂತು ಹೇಳಿದರೆ, ಯಾವ ಮಾರ್ಗದರ್ಶಿಯೂ ಬೇಡ. ಮಂಡಿಗೂ ಶ್ರಮವಿಲ್ಲ.

ಗುಡವಿ ಕಿರಿಯವನ ಪಾಲು. ಸೊರಬದಿಂದ ಹದಿನೈದು ಹದಿನಾರು ಕಿಲೋಮೀಟರ್. ಮಳೆಗಾಲದಲ್ಲಿ ಗೂಡು ಕಟ್ಟಲು ಬಂದ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆಗಳು ದಸರೆಯ ಹೊತ್ತಿಗೆ ಇನ್ನೂ ಕೆರೆಯ ಮರಗಳ ಮೇಲೆ ಇರುತ್ತವೆ. ಚಳಿ ಬಲಿತಂತೆ ಮರಗಳು ಖಾಲಿಯಾಗುತ್ತವೆ. ಬೆಳಗಿನ ಜಾವ ಹೋಗಿ. ಆರು ವರ್ಷದವನಿಗೆ ಗದ್ದಲ ಮಾಡಬೇಡ ಎಂದರೆ ಕೇಳುವುದಿಲ್ಲ, ಹಕ್ಕಿ ಎಣಿಸು ಎಂದರೆ ಸುಮ್ಮನಾಗುತ್ತಾನೆ.

ಈಸೂರನ್ನು ಪಟ್ಟಿಯಿಂದ ತೆಗೆಯಲು ಮನಸ್ಸಿಲ್ಲ. ಬರುವಾಗ ಶಿವಮೊಗ್ಗದಿಂದ ಕಾರಿನಲ್ಲಿ ಶಿಕಾರಿಪುರದ ಮೇಲೆ ಬರುವುದಾದರೆ ಹುತಾತ್ಮರ ಸ್ಮಾರಕದ ಮುಂದೆ ಕಾಲು ಗಂಟೆ ನಿಲ್ಲಿಸಿ. 1942ರ ಸೆಪ್ಟೆಂಬರಿನಲ್ಲಿ ತಮ್ಮ ಊರು ಸ್ವತಂತ್ರ ಎಂದು ಸಾರಿಕೊಂಡವರು ಇವರು. ಊರ ಎಳೆಯ ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿದ್ದರು. ಮುಂದಿನ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಐವರನ್ನು ಸರ್ಕಾರ ಗಲ್ಲಿಗೇರಿಸಿತು. ಎಳೆಯ ಅಮಲ್ದಾರನ ಕತೆ ಹನ್ನೊಂದರ ಹುಡುಗಿಯ ಕಿವಿಗೆ ನೆಟ್ಟಗೆ ಹೋಗುತ್ತದೆ. ಉಳಿದ ಜಾಗಗಳನ್ನು ನಾನು ಬೇಕೆಂದೇ ಮರೆತಿದ್ದೇನೆ.

ಈಗ ಚೀನಾ. ಅಮ್ಮ ಬರುವುದಾದರೆ ಬೀಜಿಂಗಿನ ಆಸೆ ಬಿಡಿ ಎನ್ನಲು ನನಗೆ ಧೈರ್ಯವಿಲ್ಲ, ಮಹಾಗೋಡೆ ನೋಡಿಬಂದೆ ಎಂದು ಊರಲ್ಲಿ ಹೇಳಿಕೊಳ್ಳಲು ಅವರಿಗೂ ಆಸೆಯಿರುತ್ತದೆ. ಆದರೆ ಶಾಂಘೈನಿಂದ ಅದು 1,318 ಕಿಲೋಮೀಟರ್, ಅತಿ ವೇಗದ ರೈಲಿಗೂ ನಾಲ್ಕೂವರೆ ಗಂಟೆಯ ದಾರಿ. ನಾನಾದರೆ ಹಾಂಗ್‌ಝೌ ಆರಿಸುತ್ತೇನೆ. ನಿಮ್ಮಲ್ಲಿಂದ ರೈಲಿನಲ್ಲಿ ಗಂಟೆಯ ದಾರಿ. ಶರತ್ಕಾಲದಲ್ಲಿ ಅಲ್ಲಿ ಓಸ್ಮಾಂತಸ್ ಹೂವು ಬಿಟ್ಟು ಊರೇ ಘಮ್ಮೆನ್ನುತ್ತದೆ. ಪಶ್ಚಿಮ ಸರೋವರದ ದಂಡೆಯಲ್ಲಿ ಬೇಕಾದಲ್ಲಿ ಕೂರಬಹುದು, ಸುತ್ತಲ ಗುಡ್ಡಗಳಲ್ಲಿ ಚಹಾ ತೋಟಗಳು. ಗದ್ದೆ ತೋಟ ಮಾಡಿದ ಹೆಂಗಸು, ಆ ತೋಟದ ಸಾಲುಗಳನ್ನು ನಿಮಗಿಂತ ಚೆನ್ನಾಗಿ ನೋಡುತ್ತಾರೆ. ಅಕ್ಟೋಬರ್ 1ರಿಂದ ಶುರುವಾಗುವ ರಾಷ್ಟ್ರೀಯ ರಜೆಯ ವಾರವನ್ನು ಮಾತ್ರ ತಪ್ಪಿಸಿ. ಆಗ ಆ ದೇಶವೇ ದಾರಿಯ ಮೇಲಿರುತ್ತದೆ ಎಂದು ಕಳೆದ ವರ್ಷ ಕಂಡಿದ್ದೀರಿ. ಒಂದು ಮನೆ, ಒಂದು ಊರು. ಮೂರನೆಯದು ಅವರೇ ಕೇಳಿದರೆ.

ಕೊನೆಗೆ ಹುಣ್ಣಿಮೆ. ಚೀನಾದಲ್ಲೂ ಶರತ್ಕಾಲದ ಹುಣ್ಣಿಮೆಗೆ ಚಂದ್ರನ ಹಬ್ಬವಿದೆ, ಮಕ್ಕಳಿಗೆ ಗೊತ್ತಿರುತ್ತದೆ. 2025ರಲ್ಲಿ ಅಲ್ಲಿಯ ಹಬ್ಬವೂ ನಮ್ಮ ಭೂಮಿ ಹುಣ್ಣಿಮೆಯೂ ಒಂದೇ ಹುಣ್ಣಿಮೆಗೆ ಬಿದ್ದಿದ್ದವು. ಅಲ್ಲಿ ಚಂದ್ರನನ್ನು ನೋಡುತ್ತಾರೆ, ಇಲ್ಲಿ ನಾವು ಕಾಲ ಕೆಳಗಿನದನ್ನು. ಹೊಡೆ ತುಂಬಿದ ಗದ್ದೆಯನ್ನು ಬಸುರಿ ಎಂದು ತಿಳಿದು ಬಯಕೆಯ ಊಟ ಬಡಿಸುವುದನ್ನು ಮಕ್ಕಳು ಇನ್ನೆಲ್ಲಿ ನೋಡಿಯಾರು? ನಿಮ್ಮ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬಿಡಿಸುವ ದಿನಗಳು ಇವೇ. ನೀವು ಬರುವ ಹೊತ್ತಿಗೆ ಭೂಮಣ್ಣಿ ಬುಟ್ಟಿಯ ಕೆಲಸ ಅರ್ಧವಾದರೂ ಆಗಿರುತ್ತದೆ. ಯಾರ ಮನೆಯಲ್ಲಿ ಬರೆಯುತ್ತಿದ್ದಾರೆ ಎಂದು ಇವತ್ತೇ ಅಮ್ಮನಿಗೆ ಫೋನ್ ಮಾಡಿ ಕೇಳಿ, ಮಗಳನ್ನು ಒಂದು ಮಧ್ಯಾಹ್ನ ಅಲ್ಲಿ ಕೂರಿಸಬಹುದೇ ಎಂದೂ ವಿಚಾರಿಸಿ. ಹಬ್ಬಕ್ಕೆ ಚೀನಿಕಾಯಿ ಕಡುಬು ಮಾಡಿಸಿಕೊಳ್ಳಿ, ಅದಕ್ಕೆ ಚೀನಾದ ಹೆಸರು ಹೇಗೆ ಬಂತೆಂದು ಮಗ ಕೇಳುವುದಂತೂ ಖಂಡಿತ, ಉತ್ತರ ಯಜಮಾನರು ಹುಡುಕಲಿ. ಹಿಂದಿನ ರಾತ್ರಿ ಮಕ್ಕಳನ್ನು ಬೇಗ ಮಲಗಿಸಿ, ಬುಟ್ಟಿ ಹೊತ್ತು ಗದ್ದೆಗೆ ಹೊರಡುವುದು ಬೆಳಕು ಹರಿಯುವ ಮುಂಚೆ.