ಜಾಗವಿದ್ದರೂ ಕೈಪಿಡಿ ಏಕಿಲ್ಲ?

ಪ್ರಶ್ನೆ: ನನ್ನ ಪುಟ್ಟ ಲಿನಕ್ಸ್ ಬೋರ್ಡಿನಲ್ಲಿ 4 ಜಿಬಿ ಫ್ಲ್ಯಾಶ್ ಮೆಮೊರಿ ಇದೆ, ಬಹುಪಾಲು ಖಾಲಿ. ಆದರೂ ‘ಮ್ಯಾನ್ ಪಿಎಸ್’ ಎಂದು ಟೈಪಿಸಿದರೆ ‘ನಾಟ್ ಫೌಂಡ್’ ಎನ್ನುತ್ತದೆ. ಕೈಪಿಡಿಯನ್ನು ಒಳಗೇ ಹಾಕಿ ಕೊಡಲು ಏನು ಅಡ್ಡಿ?

ಉತ್ತರ: ಈಗ ದೊಡ್ಡ ಅಡ್ಡಿಯೇನೂ ಉಳಿದಿಲ್ಲ. ಹಳೆಯ ರೂಢಿ ಮುಂದುವರಿದಿದೆ, ಅಷ್ಟೆ.

ಆ ರೂಢಿ ಹುಟ್ಟಿದ್ದು ಕೊರತೆಯ ಕಾಲದಲ್ಲಿ. ಡೆಬಿಯನ್ ಇನ್‌ಸ್ಟಾಲ್ ಮಾಡಲು ಬೇಕಾದದ್ದೆಲ್ಲ ಒಂದೇ ಫ್ಲಾಪಿಯಲ್ಲಿ ಹಿಡಿಯಲಿ ಎಂದು ಬ್ರೂಸ್ ಪೆರೆನ್ಸ್ 1995ರಲ್ಲಿ ಹಲವು ಆಜ್ಞೆಗಳನ್ನು ಒಂದೇ ಪುಟ್ಟ ಪ್ರೋಗ್ರಾಮಿನಲ್ಲಿ ಅಡಕಿಸುವ ಬಿಜಿಬಾಕ್ಸ್ ಬರೆಯತೊಡಗಿದರು. 2002ರ ಕೊನೆಯಲ್ಲಿ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರಿನ ಆರಂಭದ ಮಾದರಿಗಳಲ್ಲಿ ಇದ್ದದ್ದು 4 ಎಂಬಿ ಫ್ಲ್ಯಾಶ್. ಕರ್ನಲ್, ವೆಬ್ ಪುಟಗಳು, ಸೆಟ್ಟಿಂಗ್‌ಗಳು ಎಲ್ಲವೂ ಅದರಲ್ಲೇ ಕೂರಬೇಕು. ಸಹಜವಾಗಿಯೇ ಕೈಪಿಡಿಗೆ ಕತ್ತರಿ ಬಿತ್ತು.

ಫ್ಲ್ಯಾಶ್ ಬೆಳೆದರೂ ಆ ಕತ್ತರಿ ತಂತ್ರಾಂಶದಲ್ಲಿ ಉಳಿದುಕೊಂಡಿತು. ಇಂಥ ಬೋರ್ಡುಗಳಿಗೆ ಲಿನಕ್ಸ್ ಇಮೇಜ್ ಕಟ್ಟಿಕೊಡುವ ಬಿಲ್ಡ್‌ರೂಟ್ ಎಂಬ ತಂತ್ರಾಂಶ ಕೊನೆಯ ಹಂತದಲ್ಲಿ ಮ್ಯಾನ್, ಇನ್ಫೋ, ಡಾಕ್ ಫೋಲ್ಡರ್‌ಗಳನ್ನು ತಾನಾಗಿಯೇ ಅಳಿಸುತ್ತದೆ. ಬೋರ್ಡಿನಲ್ಲಿರುವುದು 4 ಎಂಬಿಯೋ 4 ಜಿಬಿಯೋ ಎಂದು ನೋಡುವುದಿಲ್ಲ. ಅದೇ ಕೆಲಸಕ್ಕೆ ಬಳಸುವ ಯಾಕ್ಟೊ ಕೈಪಿಡಿಗಳನ್ನು ಪ್ರತ್ಯೇಕ ಪ್ಯಾಕೇಜ್ ಮಾಡಿಡುತ್ತದೆ. ಇಮೇಜ್ ಫೀಚರ್‌ಗಳ ಪಟ್ಟಿಗೆ ‘ಡಾಕ್-ಪಿಕೆಜಿಎಸ್’ ಸೇರಿಸಿದರೆ ಬರುತ್ತವೆ, ಇಲ್ಲದಿದ್ದರೆ ಇಲ್ಲ.

ಇಂಟರ್‌ನೆಟ್ಟಿನಲ್ಲಿ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುವುದು ಸಾಮಾನ್ಯವಾಗಿ ಡೆಸ್ಕ್‌ಟಾಪ್ ಲಿನಕ್ಸಿನ ವಿವರಣೆ. ಅಲ್ಲಿ ಓದಿ ‘ಪಿಎಸ್ --ಸಾರ್ಟ್’ ಎಂದು ಕೊಟ್ಟರೆ ಇಂಥ ಬೋರ್ಡುಗಳಲ್ಲಿ ಸಾಮಾನ್ಯವಾಗಿರುವ ಬಿಜಿಬಾಕ್ಸ್‌ನ ‘ಪಿಎಸ್’ ಒಪ್ಪುವುದಿಲ್ಲ. ಆ ಆಯ್ಕೆಯೇ ಅದಕ್ಕಿಲ್ಲ. ಮೇಲಾಗಿ, ಕೆಟ್ಟಿರುವುದು ರೌಟರೇ ಆದರೆ ಹುಡುಕಲು ಇಂಟರ್‌ನೆಟ್ ಎಲ್ಲಿಂದ ಬರಬೇಕು?

ಹಾಗೆಂದು ಎಲ್ಲವನ್ನೂ ತುಂಬುವುದು ಜಾಣತನವಲ್ಲ. ಅಪ್‌ಡೇಟ್ ಕೈಕೊಟ್ಟರೆ ಹಿಂದಕ್ಕೆ ಹೋಗಲೆಂದು ಇಮೇಜಿನ ಎರಡು ಪ್ರತಿ ಇಟ್ಟುಕೊಳ್ಳುವ ಸಾಧನಗಳಲ್ಲಿ ಕೈಪಿಡಿಯೂ ಎರಡು ಸಲ ಜಾಗ ಹಿಡಿಯುತ್ತದೆ, ಡೌನ್‌ಲೋಡ್ ಗಾತ್ರವೂ ಹಿಗ್ಗುತ್ತದೆ. ಸಾವಿರಾರು ಸಾಧನಗಳು ಮೊಬೈಲ್ ಡೇಟಾದಲ್ಲಿ ಅಪ್‌ಡೇಟ್ ಆಗುವಾಗ ಇದು ಸಣ್ಣ ಖರ್ಚಲ್ಲ. ಆದ್ದರಿಂದ ಬೇರೆಲ್ಲೂ ಸಿಗದ ಮಾಹಿತಿಗೆ ಮೊದಲ ಮಣೆ ಸಲ್ಲಬೇಕು: ಈ ಬೋರ್ಡಿನ ಸೆಟ್ಟಿಂಗ್ ಫೈಲುಗಳು ಎಲ್ಲಿವೆ, ಯಾವ ಪಿನ್ ಯಾವುದಕ್ಕೆ, ಫ್ಯಾಕ್ಟರಿ ರೀಸೆಟ್ ಹೇಗೆ. ಇವೆಲ್ಲ ಬರೀ ಪಠ್ಯ. ಕುಗ್ಗಿಸಿದರೆ ಕೆಲವು ಕೆಬಿಯಲ್ಲಿ ಮುಗಿಯುತ್ತದೆ.

ಸದ್ಯಕ್ಕೆ ನೀವು ಆಜ್ಞೆಯ ನಂತರ ‘--ಹೆಲ್ಪ್’ ಎಂದು ಕೊಟ್ಟು ನೋಡಿ. ಬಿಜಿಬಾಕ್ಸ್ ಕಟ್ಟಿದವರು ಆ ಪಠ್ಯವನ್ನು ಕಿತ್ತುಹಾಕಿರದಿದ್ದರೆ, ನಿಮ್ಮ ಬೋರ್ಡಿನಲ್ಲಿರುವ ಆವೃತ್ತಿಗೇ ಹೊಂದುವ ಚಿಕ್ಕ ವಿವರಣೆ ಅಲ್ಲೇ ಸಿಗುತ್ತದೆ.