ಸ್ಮಾರ್ಟ್ ಟಿ.ವಿ.ಗೆ ತಂತಿಯ ಮೂಲಕ ಅಂತರ್ಜಾಲ

ದೂರದರ್ಶನದ ಮೂಲಕ ಪಾಠ ಹೇಳುವುದು ನಮ್ಮ ನಾಡಿಗೆ ಹೊಸ ವಿಷಯವೇನೂ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪೆಟ್ಟಿಗೆಗಳನ್ನು ಒದಗಿಸಲಾಗಿತ್ತು. ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತಡಿ ಅಗಲದ ಬುಟ್ಟಿಯೊಂದು ಆಕಾಶದಿಂದ ಬರುವ ಸಂಕೇತಗಳನ್ನು ಹಿಡಿದುಕೊಡುತ್ತಿತ್ತು. ಅಂದಿನ ಆ ಪೆಟ್ಟಿಗೆಗೂ ಇಂದು ತರಗತಿಯ ಗೋಡೆಯನ್ನೇರಿರುವ ಸ್ಮಾರ್ಟ್ ಟಿ.ವಿ.ಗೂ ಇರುವ ಮುಖ್ಯ ವ್ಯತ್ಯಾಸವು ಚಿತ್ರದ ಅಂದದಲ್ಲಿಲ್ಲ. ಅಂದಿನದು ಬಂದುದನ್ನು ತೋರಿಸುವ ಯಂತ್ರ. ಇಂದಿನದು ಬೇಕಾದುದನ್ನು ಬೇಡಿ ತರಿಸಿಕೊಳ್ಳುವ ಯಂತ್ರ.

ಈ ಬೇಡಿಕೆಯ ಕ್ರಮವನ್ನು ಸ್ವಲ್ಪ ಗಮನಿಸಬೇಕು. ಒಂದು ಪಾಠದ ದೃಶ್ಯವನ್ನು ತೋರಿಸುವಾಗ ಟಿ.ವಿ.ಯು ಅದನ್ನು ಇಡಿಯಾಗಿ ತರಿಸಿಕೊಳ್ಳುವುದಿಲ್ಲ. ಕೆಲವು ಸೆಕೆಂಡುಗಳಷ್ಟು ಭಾಗವನ್ನು ಬೇಡಿ ಪಡೆದು, ತನ್ನಲ್ಲಿ ಕೂಡಿಟ್ಟುಕೊಂಡು, ಅದನ್ನು ತೋರಿಸುತ್ತಿರುವಾಗಲೇ ಮುಂದಿನ ಭಾಗವನ್ನು ಬೇಡುತ್ತದೆ. ಕೂಡಿಟ್ಟದ್ದು ಬರಿದಾಗುವ ಮೊದಲು ಮುಂದಿನದು ಬಾರದಿದ್ದರೆ ಪರದೆಯ ನಡುವೆ ಚಕ್ರವೊಂದು ಸುತ್ತತೊಡಗುತ್ತದೆ. ಮನೆಯಲ್ಲಿ ಚಲನಚಿತ್ರ ನೋಡುವವರಿಗೆ ಇದೊಂದು ಕಿರಿಕಿರಿಯಷ್ಟೇ. ಅರವತ್ತು ಮಕ್ಕಳು ಕುಳಿತ ತರಗತಿಯಲ್ಲಿಯಾದರೋ, ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು ತೋರಿಸುತ್ತಿರುವಾಗ ಆ ಚಕ್ರವು ಅರ್ಧ ನಿಮಿಷ ಸುತ್ತಿತೆಂದರೆ ಪಾಠದ ಎಳೆಯೇ ಹರಿದಂತೆ. ಅದನ್ನು ಮತ್ತೆ ಕೂಡಿಸುವ ಶ್ರಮವೇನೆಂಬುದು ಪಾಠ ಹೇಳುವವರಿಗೇ ಗೊತ್ತು. ಹೀಗೆ ಆದಾಗಲೆಲ್ಲ ಅಂತರ್ಜಾಲದ ವೇಗವನ್ನು ಹೆಚ್ಚಿಸಿಕೊಳ್ಳಲು ತಿಂಗಳ ಬಾಡಿಗೆಯನ್ನು ಏರಿಸುವುದೇ ವಾಡಿಕೆಯಾಗಿದೆ. ಅನೇಕ ವೇಳೆ ದೋಷವಿರುವುದು ಊರಿನಿಂದ ಕಟ್ಟಡದವರೆಗಿನ ದಾರಿಯಲ್ಲಿ ಅಲ್ಲ. ಕಟ್ಟಡದೊಳಗಿನ ಕೊನೆಯ ಹತ್ತಿಪ್ಪತ್ತು ಮೀಟರುಗಳಲ್ಲಿ. ಆ ದಾರಿಯನ್ನು ಗಾಳಿಗೆ ಬಿಡದೆ ತಂತಿಗೆ ಒಪ್ಪಿಸಿದರೆ ಹಣವೂ ಉಳಿಯುತ್ತದೆ, ಪಾಠವೂ ಉಳಿಯುತ್ತದೆ ಎಂಬುದು ಈ ಲೇಖನದ ಅಭಿಪ್ರಾಯ.

ವೈ-ಫೈ ಎಂಬುದು ರೇಡಿಯೋ ತರಂಗಗಳ ಮೂಲಕ ನಡೆಯುವ ಸಂಪರ್ಕ. ಗಾಳಿಯಲ್ಲಿ ಒಂದು ತರಂಗಪಟ್ಟಿಯನ್ನು ಬಳಸುವ ಉಪಕರಣಗಳು ಸಾಮಾನ್ಯವಾಗಿ ಒಂದಾದ ಮೇಲೊಂದರಂತೆ ಮಾತನಾಡಬೇಕು. ಇಬ್ಬರು ಒಟ್ಟಿಗೆ ಮಾತನಾಡಿದರೆ ಇಬ್ಬರ ಮಾತೂ ಕೆಡುತ್ತದೆ. ಆಗ ಇಬ್ಬರೂ ಸುಮ್ಮನಿದ್ದು ಮತ್ತೆ ಆಡಬೇಕು. ಕಚೇರಿಯ ಕಂಪ್ಯೂಟರು, ಅಧ್ಯಾಪಕರ ಕೊಠಡಿಯ ಹತ್ತಾರು ಮೊಬೈಲುಗಳು, ಪಕ್ಕದ ಮನೆಯವರ ರೂಟರು ಇವೆಲ್ಲವೂ ಅದೇ ಸರದಿಯಲ್ಲಿ ನಿಂತಿರುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯಂತೂ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ ದಾರಿಗಳು ರೂಢಿಯಲ್ಲಿ ಮೂರೇ. ಮೈಕ್ರೋವೇವ್ ಒಲೆಯು ಕೆಲಸ ಮಾಡುವುದೂ ಆ ಪಟ್ಟಿಯಲ್ಲಿಯೇ. 5 ಗಿಗಾಹರ್ಟ್ಸ್ ಪಟ್ಟಿಯು ಹೆಚ್ಚು ವಿಶಾಲವಾದುದು, ವೇಗವಾದುದು. ಆದರೆ ಗೋಡೆಗಳನ್ನು ದಾಟುವ ಶಕ್ತಿ ಅದಕ್ಕೆ ಕಡಿಮೆ. ಎರಡಡಿ ದಪ್ಪದ ಕಲ್ಲುಗೋಡೆಗಳಿರುವ ನಮ್ಮ ಹಳೆಯ ಶಾಲಾ ಕಟ್ಟಡಗಳಲ್ಲಿ ಇದರ ಪರಿಣಾಮವೇನೆಂದು ಬೇರೆ ಹೇಳಬೇಕಾಗಿಲ್ಲ.

ವಿನೋದವೆಂದರೆ, ತಂತಿಯ ಮೇಲೆ ನಡೆಯುವ ‘ಈಥರ್‌ನೆಟ್’ ಎಂಬ ಈ ಪದ್ಧತಿಯು ಹುಟ್ಟಿದ್ದು ರೇಡಿಯೋ ಪದ್ಧತಿಯೊಂದನ್ನು ನೋಡಿಯೇ. ಹವಾಯಿ ದ್ವೀಪಗಳಲ್ಲಿದ್ದ ಕಂಪ್ಯೂಟರ್ ಕೇಂದ್ರಗಳನ್ನು ರೇಡಿಯೋ ಮೂಲಕ ಜೋಡಿಸುವ ‘ಅಲೋಹಾ’ ಜಾಲವು 1971ರಲ್ಲಿ ಆರಂಭವಾಯಿತು. ಅದನ್ನು ಅಭ್ಯಾಸ ಮಾಡಿದ ರಾಬರ್ಟ್ ಮೆಟ್‌ಕಾಫ್ ಅವರು 1973ರ ಮೇ ತಿಂಗಳಿನಲ್ಲಿ, ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿದ್ದ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ತಂತಿಜಾಲವೊಂದರ ಯೋಜನೆಯನ್ನು ಬರೆದು ಮುಂದಿಟ್ಟರು. (ನಮ್ಮಲ್ಲಿ ನೆರಳಚ್ಚಿನ ಪ್ರತಿಗೇ ಆ ಸಂಸ್ಥೆಯ ಹೆಸರು ಅಂಟಿಕೊಂಡಿದೆ.) ಡೇವಿಡ್ ಬಾಗ್ಸ್ ಅವರೊಡನೆ ಸೇರಿ ಅವರು ಕಟ್ಟಿದ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಬೆಳಕನ್ನು ಹೊತ್ತು ಸಾಗಿಸುತ್ತದೆಯೆಂದು ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿಗಳು ಕಲ್ಪಿಸಿಕೊಂಡಿದ್ದ ‘ಈಥರ್’ ಎಂಬ ವಸ್ತುವಿನ ಹೆಸರನ್ನೇ ಅದಕ್ಕೆ ಇಟ್ಟರು. ಆ ಈಥರ್ ಇಲ್ಲವೆಂದು ವಿಜ್ಞಾನವು ಕೈಬಿಟ್ಟಿತು. ಹೆಸರು ಮಾತ್ರ ನಮ್ಮ ಟಿ.ವಿ.ಗಳ ಬೆನ್ನಿನ ಮೇಲೆ ಉಳಿದಿದೆ. ಆರಂಭದಲ್ಲಿ ಎಲ್ಲ ಯಂತ್ರಗಳೂ ಒಂದೇ ದಪ್ಪ ಕೇಬಲನ್ನು ಹಂಚಿಕೊಳ್ಳುತ್ತಿದ್ದುದರಿಂದ ಅಲ್ಲಿಯೂ ಮಾತುಗಳ ಡಿಕ್ಕಿ ತಪ್ಪಿರಲಿಲ್ಲ. ಮುಂದೆ ಪ್ರತಿಯೊಂದು ಯಂತ್ರಕ್ಕೂ ಪ್ರತ್ಯೇಕ ಕೇಬಲು ಬಂದಿತು. 1990ರಲ್ಲಿ ಹೆಣೆದ ತಂತಿಯ ಮೇಲಿನ ಈಥರ್‌ನೆಟ್ಟಿಗೆ ಮಾನಕವು ಸಿದ್ಧವಾಯಿತು. ಇಂದಿನ ಕೇಬಲಿನಲ್ಲಿ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ ಎಂಬಂತೆ ಎರಡೂ ಕಡೆಯವರು ಏಕಕಾಲಕ್ಕೆ ಮಾತನಾಡಬಹುದು. ಸರದಿಯೂ ಇಲ್ಲ, ಡಿಕ್ಕಿಯೂ ಇಲ್ಲ.

ಕೇಬಲಿನ ಹೊರಗವಚವನ್ನು ಸುಲಿದು ನೋಡಿದರೆ ಎಂಟು ತೆಳುವಾದ ತಂತಿಗಳು ಎರಡೆರಡಾಗಿ ಹೆಣೆದುಕೊಂಡಿರುವುದು ಕಾಣುತ್ತದೆ. ಈ ಹೆಣಿಗೆ ಅಂದಕ್ಕಾಗಿ ಮಾಡಿದುದಲ್ಲ. ಟೆಲಿಫೋನಿನ ತಂತಿಗಳಿಗೆ ಈ ಉಪಾಯವನ್ನು 1881ರಷ್ಟು ಹಿಂದೆಯೇ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರು ಪೇಟೆಂಟ್ ಮಾಡಿಸಿದ್ದರು. ಪ್ರೌಢಶಾಲೆಯ ವಿದ್ಯಾರ್ಥಿಯೂ ಇದನ್ನು ಲೆಕ್ಕದ ಮೂಲಕವೇ ಅರಿಯಬಹುದು. ಜೋಡಿಯ ಒಂದು ತಂತಿಯಲ್ಲಿ ಸಂಕೇತವು ಧನ 1, ಇನ್ನೊಂದರಲ್ಲಿ ಋಣ 1 ಎಂದಿಟ್ಟುಕೊಳ್ಳೋಣ. ತಲುಪಿದ ಕಡೆಯ ಯಂತ್ರವು ನೋಡುವುದು ಇವೆರಡರ ವ್ಯತ್ಯಾಸವನ್ನು ಮಾತ್ರ, ಅದು 2. ಈಗ ಪಕ್ಕದ ಫ್ಯಾನಿನ ಮೋಟಾರಿನಿಂದಲೋ ಟ್ಯೂಬ್‌ಲೈಟಿನಿಂದಲೋ ಬಂದ ಅಡಚಣೆಯು ಎರಡು ತಂತಿಗಳಿಗೂ ಸಮನಾಗಿ 5ರಷ್ಟು ಸೇರಿತು. ಒಂದು 6 ಆಯಿತು, ಇನ್ನೊಂದು 4 ಆಯಿತು. ವ್ಯತ್ಯಾಸವು ಮೊದಲಿನಂತೆ 2 ಆಗಿಯೇ ಉಳಿಯಿತು. ಅಡಚಣೆಯು ಸಮನಾಗಿ ಸೇರಬೇಕಾದರೆ ಎರಡು ತಂತಿಗಳೂ ಅದರಿಂದ ಸಮಾನ ದೂರದಲ್ಲಿರಬೇಕಲ್ಲವೆ? ಹೆಣೆದಾಗ ಒಮ್ಮೆ ಇದು ಹತ್ತಿರ, ಒಮ್ಮೆ ಅದು ಹತ್ತಿರ. ಒಟ್ಟಿನಲ್ಲಿ ಎರಡೂ ಸಮ. ನಾಲ್ಕು ಜೋಡಿಗಳ ಹೆಣಿಗೆಯ ಬಿಗಿತವೂ ಒಂದೇ ತೆರನಾಗಿರದೆ ಬೇರೆ ಬೇರೆಯಾಗಿರುವುದು, ಜೋಡಿಗಳು ತಮ್ಮತಮ್ಮೊಳಗೆ ಅಡಚಣೆ ಮಾಡಿಕೊಳ್ಳದಿರಲೆಂದು.

ಈ ತತ್ತ್ವವನ್ನು ತಿಳಿಯದೆ ಪ್ಲಗ್ಗು ಹಾಕುವವರು ಕೆಲಸ ಕೆಡಿಸುತ್ತಾರೆ. ಎರಡು ತುದಿಗಳಲ್ಲಿಯೂ ಬಣ್ಣಗಳ ಕ್ರಮ ಒಂದೇ ಇದ್ದರಾಯಿತು, ಯಾವ ಕ್ರಮವಾದರೇನು ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಸರಿಯಲ್ಲ. ರೂಢಿಯಲ್ಲಿರುವ ಕ್ರಮವು ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿಯ ನಡುವೆ ನೀಲಿಯ ಜೋಡಿಯು ಕುಳಿತಿರುವುದನ್ನು ಗಮನಿಸಿರಿ. 100 ಮೆಗಾಬಿಟ್ ಸಂಪರ್ಕವು 1, 2, 3 ಮತ್ತು 6ನೆಯ ಸೂಜಿಗಳನ್ನು ಬಳಸುತ್ತದೆ. 3 ಮತ್ತು 6 ಒಂದೇ ಹೆಣಿಗೆಯ ಜೋಡಿಯಾಗಿರಬೇಕು. ನೋಡಲು ಓರಣವಾಗಿರಲೆಂದು ಬಣ್ಣಗಳನ್ನು ಜೋಡಿಜೋಡಿಯಾಗಿ ಸಾಲಿಗಿಟ್ಟರೆ 3ರಲ್ಲಿ ಒಂದು ಜೋಡಿಯ ತಂತಿಯೂ 6ರಲ್ಲಿ ಮತ್ತೊಂದು ಜೋಡಿಯ ತಂತಿಯೂ ಬಂದು ಹೆಣಿಗೆಯ ಪ್ರಯೋಜನವೇ ಹೋಗುತ್ತದೆ. ಅಗ್ಗದ ಪರೀಕ್ಷಾ ಯಂತ್ರದಲ್ಲಿ ಎಂಟು ದೀಪಗಳೂ ಕ್ರಮವಾಗಿ ಬೆಳಗುತ್ತವೆ, ಟಿ.ವಿ. ಮಾತ್ರ ತಡವರಿಸುತ್ತದೆ! ಪ್ಲಗ್ಗಿನ ಬಳಿ ಹೆಣಿಗೆಯನ್ನು ಬಿಚ್ಚುವುದು ಅರ್ಧ ಅಂಗುಲವನ್ನು ಮೀರಬಾರದು. ಕೈಕೆಲಸದಲ್ಲಿ ನಂಬಿಕೆಯಿಲ್ಲದವರು ಕಾರ್ಖಾನೆಯಲ್ಲಿಯೇ ಪ್ಲಗ್ಗು ಹಾಕಿಬಂದ ಕೇಬಲನ್ನು ಕೊಳ್ಳುವುದು ಲೇಸು.

ಕೊಳ್ಳುವಾಗ ಅಂಗಡಿಯವರು ಕ್ಯಾಟ್-6, ಕ್ಯಾಟ್-7, ಕ್ಯಾಟ್-8 ಎಂದು ಮೇಲಿನ ಮೆಟ್ಟಿಲುಗಳನ್ನೇ ತೋರಿಸುತ್ತಾರೆ. ಟಿ.ವಿ.ಯ ಮಟ್ಟಿಗೆ ಕ್ಯಾಟ್-5ಇ ಧಾರಾಳವಾಗಿ ಸಾಕು. ಗೋಡೆಯೊಳಗೆ ಬಹುಕಾಲಕ್ಕೆಂದು ಹುದುಗಿಸುವುದಾದರೆ ಕ್ಯಾಟ್-6 ಹಾಕಬಹುದು. ಅಂಕಿಗಿಂತ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ, ಒಳಗಿನ ತಂತಿ ಶುದ್ಧ ತಾಮ್ರವೋ ಅಥವಾ ತಾಮ್ರದ ಲೇಪವಿರುವ ಅಲ್ಯೂಮಿನಿಯಮೋ ಎಂಬುದು. ಎರಡನೆಯದು ಅಗ್ಗ, ಆದರೆ ಬೇಗ ಮುರಿಯುತ್ತದೆ, ದೂರಕ್ಕೆ ಸಂಕೇತವನ್ನು ಕ್ಷೀಣಗೊಳಿಸುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಡುವುದು ಅಗತ್ಯ. ತಂತಿ ಹಾಕಿಸಿದವರು ಕುತೂಹಲದಿಂದ ವೇಗವನ್ನು ಅಳೆದು ನೋಡುತ್ತಾರೆ. ವೈ-ಫೈಯಲ್ಲಿ 200 ಇದ್ದುದು ತಂತಿಯಲ್ಲಿ 95ರ ಆಸುಪಾಸಿಗೆ ಇಳಿದಿರುತ್ತದೆ. ಖರ್ಚು ವ್ಯರ್ಥವಾಯಿತೆಂದು ನೊಂದುಕೊಳ್ಳುತ್ತಾರೆ. ಬೆಲೆಬಾಳುವ ಅನೇಕ ಟಿ.ವಿ.ಗಳಲ್ಲಿಯೂ ತಯಾರಕರು ಇಟ್ಟಿರುವ ತಂತಿಯ ದ್ವಾರವು ಸೆಕೆಂಡಿಗೆ 100 ಮೆಗಾಬಿಟ್ ಮಿತಿಯದು. 1995ರಲ್ಲಿ ಮಾನಕವಾದ ವೇಗವನ್ನೇ ಅವರು ಇಂದಿಗೂ ಸಾಕೆಂದುಕೊಂಡಿದ್ದಾರೆ. ಇದನ್ನು ಜಿಪುಣತನವೆಂದು ಹೇಳಬಹುದಾದರೂ ಲೆಕ್ಕ ಅವರ ಪರವಾಗಿಯೇ ಇದೆ. ಸ್ಪಷ್ಟವಾದ ಎಚ್.ಡಿ. ಚಿತ್ರಕ್ಕೆ ಸುಮಾರು 5 ಮೆಗಾಬಿಟ್, 4ಕೆ ಚಿತ್ರಕ್ಕೆ 15ರಿಂದ 25 ಮೆಗಾಬಿಟ್ ಬೇಕಾಗುತ್ತದೆ. 95 ಎಂಬುದು ಅದರ ಮೂರು ಪಟ್ಟಿಗಿಂತ ಹೆಚ್ಚು. ವೈ-ಫೈಯ 200 ಎಂಬುದು ಅಳೆದ ಗಳಿಗೆಯ ಮಾತು; ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರ ಮೊಬೈಲುಗಳೂ ಎಚ್ಚರಗೊಂಡಾಗ ಅದು 8ಕ್ಕೂ ಇಳಿದೀತು. ಚಕ್ರವನ್ನು ಸುತ್ತಿಸುವುದು ಆ ತಗ್ಗು, ಉಬ್ಬಲ್ಲ.

ಜೋಡಿಸುವ ಕೆಲಸ ಬಹಳ ಸುಲಭವಾದುದು. ರೂಟರಿನ ಹಿಂಬದಿಯಲ್ಲಿ ‘ಲ್ಯಾನ್’ ಎಂದು ಬರೆದಿರುವ ಯಾವುದಾದರೊಂದು ದ್ವಾರಕ್ಕೆ ಕೇಬಲಿನ ಒಂದು ತುದಿಯನ್ನೂ, ಟಿ.ವಿ.ಯ ಹಿಂಬದಿಯ ಅಂಥದೇ ದ್ವಾರಕ್ಕೆ ಮತ್ತೊಂದು ತುದಿಯನ್ನೂ ‘ಟಕ್’ ಎಂಬ ಸದ್ದು ಬರುವವರೆಗೆ ಒತ್ತಬೇಕು. ‘ವ್ಯಾನ್’ ಎಂಬ ದ್ವಾರವು ಹೊರಗಿನ ಸಂಪರ್ಕಕ್ಕೆ ಮೀಸಲು. ಟೆಲಿಫೋನಿನ ದ್ವಾರವು ರೂಪದಲ್ಲಿ ಹೋಲುತ್ತದೆಯಾದರೂ ಅಗಲದಲ್ಲಿ ಕಿರಿದು. ಬಳಿಕ ಟಿ.ವಿ.ಯ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ತಂತಿಯ ಸಂಪರ್ಕವನ್ನು, ಅಂದರೆ ‘ವೈರ್ಡ್’ ಅಥವಾ ‘ಈಥರ್‌ನೆಟ್’ ಎಂಬುದನ್ನು ಆರಿಸಬೇಕು. ಕೆಲವು ಟಿ.ವಿ.ಗಳು ಕೇಬಲು ಸೇರಿದೊಡನೆ ತಾವಾಗಿಯೇ ಇದನ್ನು ಆರಿಸಿಕೊಳ್ಳುತ್ತವೆ. ಗುಪ್ತಪದ ಕೊಡುವ ಪ್ರಮೇಯವಿಲ್ಲ. ರೂಟರು ಟಿ.ವಿ.ಗೆ ಒಂದು ವಿಳಾಸವನ್ನು ತಾನೇ ಕೊಡುತ್ತದೆ. ಮನೆ ಮತ್ತು ಶಾಲೆಗಳಲ್ಲಿ ಅದು ಬಹುಮಟ್ಟಿಗೆ 192.168 ಎಂದು ಆರಂಭವಾಗುತ್ತದೆ.

ಈ ವಿಳಾಸವು ದೋಷವನ್ನು ಹುಡುಕಲು ಒಳ್ಳೆಯ ಕೈದೀಪ. ಮೊದಲು ರೂಟರಿನ ದ್ವಾರದ ಪಕ್ಕದ ಪುಟ್ಟ ದೀಪವನ್ನು ನೋಡಬೇಕು. ಅದು ಉರಿಯದಿದ್ದರೆ ದೋಷವು ಕೇಬಲಿನಲ್ಲಿಯೋ ಪ್ಲಗ್ಗಿನಲ್ಲಿಯೋ ಇದೆ, ಟಿ.ವಿ.ಯ ಸೆಟ್ಟಿಂಗ್ಸ್‌ಗೆ ಕೈಹಾಕದೆ ಬೇರೊಂದು ಕೇಬಲು ಹಾಕಿ ನೋಡಬೇಕು. ದೀಪವು ಉರಿಯುತ್ತಿದ್ದು ವಿಳಾಸವು 169.254 ಎಂದು ಆರಂಭವಾಗಿದ್ದರೆ, ರೂಟರಿನಿಂದ ವಿಳಾಸ ಸಿಗದೆ ಟಿ.ವಿ.ಯು ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ತಿಳಿಯಬೇಕು. ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ, ಮೊದಲು ರೂಟರನ್ನೂ ಆಮೇಲೆ ಟಿ.ವಿ.ಯನ್ನೂ ಹಚ್ಚಿದರೆ ಬಹುಶಃ ಸರಿಹೋಗುತ್ತದೆ. ವಿಳಾಸವು ಸರಿಯಿದ್ದೂ ಅಂತರ್ಜಾಲ ಇಲ್ಲವೆಂದರೆ ದೋಷ ರೂಟರಿನಿಂದಾಚೆಗಿದೆ. ಎಲ್ಲವೂ ಸರಿಯಿದ್ದು ಪಾಠದ ತಾಣವು ಮಾತ್ರ ತೆರೆಯದಿದ್ದರೆ ಟಿ.ವಿ.ಯ ದಿನಾಂಕವನ್ನು ನೋಡಿರಿ. ಬಹುದಿನ ವಿದ್ಯುತ್ತಿಲ್ಲದೆ ಬಿದ್ದಿದ್ದ ಟಿ.ವಿ.ಯಲ್ಲಿ ಅದು ವರ್ಷಗಟ್ಟಲೆ ಹಿಂದಕ್ಕೆ ಹೋಗಿರಬಹುದು. ತಾಣಗಳು ತೋರಿಸುವ ಭದ್ರತಾ ಪತ್ರಗಳಿಗೆ ಅವಧಿಯಿರುವುದರಿಂದ, ತಪ್ಪು ದಿನಾಂಕದ ಯಂತ್ರವು ಸಾಚಾ ಪತ್ರವನ್ನೂ ನಂಬುವುದಿಲ್ಲ.

ಕೊನೆಯದಾಗಿ ಕೇಬಲಿನ ದಾರಿ. ಮಾನಕದ ಪ್ರಕಾರ ಒಂದು ಓಟದ ಉದ್ದ 100 ಮೀಟರನ್ನು ಮೀರಕೂಡದು. ಅದಕ್ಕಿಂತ ದೂರವಿದ್ದರೆ ನಡುವೆ ಸ್ವಿಚ್ ಎಂಬ ಉಪಕರಣವನ್ನಿಡಬೇಕು. ವಿದ್ಯುತ್ ತಂತಿಯ ಕೊಳವೆಯಲ್ಲಿಯೇ ಇದನ್ನೂ ತೂರಿಸುವುದು ಅಪಾಯಕರ. ಎರಡೂ ಒಂದನ್ನೊಂದು ದಾಟಬೇಕಾದಲ್ಲಿ ಲಂಬವಾಗಿ ದಾಟಲಿ. ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಬಯಲಿನಲ್ಲಿ ತಾಮ್ರದ ಕೇಬಲನ್ನು ಎಳೆಯಲೇಬಾರದು. ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಯಲ್ಲಿ ಸಿಡಿಲು ಹತ್ತಿರದಲ್ಲೆಲ್ಲಿಯೋ ಬಿದ್ದರೂ ಆ ಕೇಬಲಿನಲ್ಲಿ ಹುಟ್ಟುವ ವಿದ್ಯುತ್ತಿನ ಹೊಡೆತವು ಟಿ.ವಿ.ಯನ್ನೂ ರೂಟರನ್ನೂ ಒಟ್ಟಿಗೆ ಸುಡಬಲ್ಲುದು. ಗಾಜಿನ ಎಳೆಯ ಫೈಬರ್ ಕೇಬಲಿಗೆ ಈ ಭಯವಿಲ್ಲ. ಅದು ವಿದ್ಯುತ್ತನ್ನು ಒಯ್ಯುವುದಿಲ್ಲ, ಬೆಳಕನ್ನು ಒಯ್ಯುತ್ತದೆ. ಕಟ್ಟಡಗಳ ನಡುವೆ ಅದನ್ನೇ ಹಾಕಿಸಬೇಕು, ಅದರೊಳಗೆ ಬಲಕ್ಕೆಂದು ಲೋಹದ ತಂತಿ ಸೇರಿಸಿಲ್ಲವೆಂದು ಖಚಿತಪಡಿಸಿಕೊಂಡು. ಮೋಡ ಕಟ್ಟಿದಾಗ ಟಿ.ವಿ.ಯ ವಿದ್ಯುತ್ ಪ್ಲಗ್ಗನ್ನು ಕಿತ್ತಿಡುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಇನ್ನು ಮುಂದೆ ನೆಟ್‌ವರ್ಕ್ ಕೇಬಲನ್ನೂ ಅದರೊಡನೆ ಕಿತ್ತಿಡತಕ್ಕದ್ದು. ಗೋಡೆಗೆ ಅಂಟಿಸಿ ನಿಲ್ಲಿಸಿದ ಟಿ.ವಿ.ಯ ಹಿಂದೆ ಕೈ ಹೋಗುವುದಿಲ್ಲವಾದ್ದರಿಂದ, ಮೊಳೆ ಹೊಡೆಯುವ ಮೊದಲೇ ಒಂದು ಮೀಟರಿನಷ್ಟು ಕೇಬಲನ್ನು ಹೆಚ್ಚುವರಿಯಾಗಿ ಸುತ್ತಿ, ಪಕ್ಕಕ್ಕೆ ಕಾಣುವಂತೆ ಬಿಟ್ಟುಕೊಳ್ಳಬೇಕು.